ಹಳೆಯ ನಡಿಗೆಗಳ ಪುಟ

ಆ ಪುಟವನ್ನು ಮುಚ್ಚಬೇಕೆಂದು ಟಿಪ್ಪಣಿ ಬರೆದವಳು ಸಿಂಚನಾ ಮುಳಗುಂದ. ಮುಚ್ಚಿದವಳೂ ಅವಳೇ. ಡಿಸೆಂಬರ್ ಮೊದಲ ಸೋಮವಾರ, ಹುಬ್ಬಳ್ಳಿಯ ನಡೆ ಕೇಂದ್ರದ ಮೂರನೆಯ ಮಹಡಿಯಲ್ಲಿ, ಮೇಜಿನ ಮೇಲಿನ ಚಹಾ ಆರುವುದರೊಳಗೆ ಕೆಲಸ ಮುಗಿದುಹೋಯಿತು. ಏಳು ಹೆಸರುಗಳಿದ್ದ ಪಟ್ಟಿಯಲ್ಲಿ ಆರು ಮಾಯವಾಗಿ ಒಂದೇ ಉಳಿಯಿತು. ಉಳಿದ ಚಹಾವನ್ನು ಅವಳು ಹಾಗೇ ಕುಡಿದಳು. ಐದು ವರ್ಷದಿಂದ ಹೊತ್ತಿದ್ದ ಭಾರವೊಂದನ್ನು ಇಳಿಸಿದಂತೆ ಅವಳಿಗೆ ಅನ್ನಿಸಿತು.

ತೊಡೆಯಿಂದ ಕೆಳಗೆ ಕಾಲು ಕಳೆದುಕೊಂಡವರಿಗೆ ಕೇಂದ್ರ ಕೊಡುತ್ತಿದ್ದ ಕೃತಕ ಕಾಲನ್ನು ಜನ ಜಾಣಗಾಲು ಎನ್ನುತ್ತಿದ್ದರು. ಅದರ ಜಾಣತನವೆಲ್ಲ ಇದ್ದದ್ದು ಮಂಡಿಯಲ್ಲಿ. ಅಲ್ಲೊಂದು ಪುಟ್ಟ ಮೋಟಾರು, ಒಂದು ಬ್ರೇಕು, ಹುಣಸೆಬೀಜದಷ್ಟು ದೊಡ್ಡ ಕಂಪ್ಯೂಟರ್ ಚಿಪ್. ತೊಡೆಯಲ್ಲಿ ಉಳಿದಿರುವ ಸ್ನಾಯುಗಳ ಮಿಡಿತವನ್ನು ಚಿಪ್ ಸೆಕೆಂಡಿಗೆ ಐನೂರು ಸಲ ಓದಿ, ಮಂಡಿ ಈಗ ಮಡಚಬೇಕೋ, ಸಡಿಲವಾಗಬೇಕೋ, ಬಿಗಿದು ನಿಲ್ಲಬೇಕೋ ಎಂದು ತೀರ್ಮಾನಿಸುತ್ತಿತ್ತು. ಆ ತೀರ್ಮಾನದ ಲೆಕ್ಕಾಚಾರವೇ ತಂತ್ರಾಂಶ. ಇಪ್ಪತ್ತೈದು ವರ್ಷಗಳಲ್ಲಿ ಅದರ ಏಳು ಆವೃತ್ತಿಗಳು ಬಂದಿದ್ದವು. ಕೇಂದ್ರ ಕಟ್ಟಿದ ಹಿರಿಯರು ಮೊದಲ ದಿನವೇ ಒಂದು ನಿಯಮ ಮಾಡಿದ್ದರು. ಕಾಲು ಯಾರದ್ದೋ, ಆಯ್ಕೆಯೂ ಅವರದ್ದೇ ಆಗಬೇಕು. ಹಳೆಯ ಆವೃತ್ತಿ ಬೇಕೆಂದವರು ಅದನ್ನು ಡೌನ್‌ಲೋಡ್ ಮಾಡಿಕೊಂಡು ತಮ್ಮ ಕಾಲಿಗೆ ತಾವೇ ಹಾಕಿಕೊಳ್ಳಲಿ. ಅದಕ್ಕಾಗಿಯೇ ಕೇಂದ್ರದ ಜಾಲತಾಣದಲ್ಲಿ ಆ ಪುಟ.

ಸಿಂಚನಾಳ ಸಿಟ್ಟು ಇದ್ದದ್ದು ನಾಲ್ಕನೆಯ ಆವೃತ್ತಿಯ ಮೇಲೆ. ಮೆಟ್ಟಿಲು ಇಳಿಯುವಾಗ ನಡುವೆ ನಿಂತು ಮೈ ತಿರುಗಿಸಿದರೆ, ಸಾವಿರಕ್ಕೊಂದು ಸಲ, ನಾಲ್ಕರ ಮಂಡಿ ಇದ್ದಕ್ಕಿದ್ದಂತೆ ಕೈಬಿಡುತ್ತಿತ್ತು. ಐದನೆಯದರಲ್ಲಿ ಅದನ್ನು ಸರಿಪಡಿಸಿದರು. ಅನುಮಾನ ಬಂದರೆ ಬಿಗಿದುಕೊಳ್ಳಬೇಕು ಎಂಬುದೇ ಅಲ್ಲಿಂದ ಮುಂದೆ ಕಾಲಿನ ಧರ್ಮವಾಯಿತು. ಏಳನೆಯದು ಬರುವ ಹೊತ್ತಿಗೆ ಬಿದ್ದವರ ಸುದ್ದಿಯೇ ಕೇಂದ್ರಕ್ಕೆ ಬರುವುದು ಅಪರೂಪವಾಗಿತ್ತು.

ಆದರೆ ಐದು ವರ್ಷದ ಹಿಂದೆ ಅವಳ ಸ್ವಂತ ಅಕ್ಕ ಪ್ರೇರಣಾ, ಕೇಶ್ವಾಪುರದ ತಮ್ಮದೇ ಮನೆಯ ಮೆಟ್ಟಿಲ ಮೇಲಿಂದ ಬಿದ್ದಿದ್ದಳು. ಪ್ರೇರಣಾ ಸರ್ಕಾರಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಮೂವತ್ತನೆಯ ವಯಸ್ಸಿನಲ್ಲಿ ಬಸ್ಸು ಅಪಘಾತದಲ್ಲಿ ಬಲಗಾಲು ಕಳೆದುಕೊಂಡು, ಜಾಣಗಾಲಿನ ಮೇಲೆ ಹದಿನೆಂಟು ವರ್ಷ ಓಡಾಡಿದವಳು. ಬಿದ್ದಾಗ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಸಿಂಚನಾ ಕಾಲನ್ನು ಬಿಚ್ಚಿ ಪರೀಕ್ಷಿಸಿದರೆ ಒಳಗಿದ್ದದ್ದು ನಾಲ್ಕನೆಯ ಆವೃತ್ತಿ. ತನ್ನದೇ ಕಚೇರಿಯ ಪುಟದಿಂದ ಇಳಿದದ್ದು. ಅಕ್ಕ ಏನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿರಬೇಕು ಎಂದು ಸಿಂಚನಾ ತೀರ್ಮಾನಿಸಿದಳು. ಪ್ರೇರಣಾ ಅದಕ್ಕೆ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೂರು ತಿಂಗಳು ಹಾಸಿಗೆಯಲ್ಲಿದ್ದು ಎದ್ದವಳು ಕಾಲನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಗಾಲಿಕುರ್ಚಿ ಹಿಡಿದಳು. ಅಂದಿನಿಂದ ಪ್ರತಿ ವರ್ಷ ಸಿಂಚನಾ ಪುಟದ ವಿರುದ್ಧ ಟಿಪ್ಪಣಿ ಬರೆಯುತ್ತಲೇ ಇದ್ದಳು. ಈ ವರ್ಷ ನಿರ್ದೇಶಕ ತೌಸೀಫ್ ಮುಲ್ಲಾ ಒಪ್ಪಿದರು. ಮೊದಲು ಎರಡು ತಿಂಗಳು ಪುಟ ಮುಚ್ಚಿ ನೋಡುವುದು, ಆಮೇಲೆ ಹಳೆಯ ಆರೂ ಆವೃತ್ತಿಗಳನ್ನು ಪೂರ್ತಿ ಅಳಿಸಬೇಕೇ ಎಂದು ಸಮಿತಿಯ ಮುಂದಿಡುವುದು.

ಆ ಸಂಜೆ ಮನೆಗೆ ಬಂದಾಗ ಪ್ರೇರಣಾ ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಸಿಂಚನಾ ಸುದ್ದಿ ಹೇಳಿದಳು. ಅಕ್ಕ ಸಂತೋಷಪಡಬಹುದೆಂದು ಅವಳು ಎಣಿಸಿದ್ದಳು. ಪ್ರೇರಣಾ ಮಾತ್ರ ಹಳೆಯ ಆವೃತ್ತಿಗಳನ್ನು ಎಷ್ಟು ಮಂದಿ ಬಳಸುತ್ತಿದ್ದರು ಎಂದು ಕೇಳಿದಳು. ಮೂವತ್ತನಾಲ್ಕು ಸಾವಿರದಲ್ಲಿ ಇನ್ನೂರ ಹನ್ನೆರಡು ಎಂದಳು ಸಿಂಚನಾ.

"ಅವರನ್ನ ಕೇಳಿದ್ರ್ಯಾ?"

"ಪತ್ರ ಕಳಿಸೀವಿ."

ಪ್ರೇರಣಾ ಸೊಪ್ಪಿನ ದಂಟು ಮುರಿಯತೊಡಗಿದಳು.

ಒಂಬತ್ತು ದಿನದ ನಂತರ ಕೇಂದ್ರಕ್ಕೆ ಒಬ್ಬ ಹೆಂಗಸು ಬಂದಳು. ಹೆಸರು ನಿಖಿತಾ ಆಗೇರ, ವಯಸ್ಸು ನಲವತ್ತರ ಒಳಗೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಹೊಸಗಜನಿ ಎಂಬ ಊರಿನಲ್ಲಿ ಉಪ್ಪಿನ ಆಗರದ ಕೆಲಸ. ಎಡಗಾಲು ಹೋದದ್ದು ಹೆದ್ದಾರಿಯಲ್ಲಿ, ಲಾರಿಯಡಿಗೆ ಸಿಕ್ಕು. ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಸುತ್ತುಬಳಸದೆ ಕೇಳಿದಳು.

"ಅಕ್ಕೋರೆ, ನಂದು ನಾಕನೇದು. ಅದನ್ನ ನೀವು ತೆಗದ್ರಿ ಅಂತೆ, ಹೌದ್ರಾ?"

ಪ್ರತಿವರ್ಷ ಆಗರದ ಕೆಲಸ ಶುರುವಾಗುವ ಮೊದಲು ಅವಳು ಕುಮಟೆಯಲ್ಲಿ ಕಾಲನ್ನು ಸರ್ವೀಸಿಗೆ ಕೊಡುತ್ತಿದ್ದಳು. ಸರ್ವೀಸಿನವರು ಹೊಸ ಆವೃತ್ತಿ ಹಾಕಿ ಕೊಡುತ್ತಿದ್ದರು. ಮನೆಗೆ ಬಂದು ಅವಳು ಪುಟದಿಂದ ನಾಲ್ಕನೆಯದನ್ನು ಇಳಿಸಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಈ ಸಲ ಪುಟ ತೆರೆದರೆ ಏಳನೆಯದೊಂದೇ ಇತ್ತು. ಪತ್ರ ಬಂದಿರಲಿಲ್ಲವೇ ಎಂದು ಸಿಂಚನಾ ಕೇಳಿದಳು. ಬಂದಿತ್ತು, ಸುರಕ್ಷತೆಯ ದೃಷ್ಟಿಯಿಂದ ಎಂದು ಬರೆದಿತ್ತು, ಅದು ತನ್ನ ಕಾಲಿನ ವಿಷಯ ಎಂದು ಗೊತ್ತಾಗಲಿಲ್ಲ ಎಂದಳು ನಿಖಿತಾ.

ಸಿಂಚನಾ ನಾಲ್ಕರ ದೋಷವನ್ನು ವಿವರಿಸಿದಳು. ಚಿತ್ರ ಬರೆದು ತೋರಿಸಿದಳು. ನಿಖಿತಾ ಗಮನವಿಟ್ಟು ಕೇಳಿ, ಅದು ತನಗೆ ಗೊತ್ತು ಎಂದಳು.

"ನಾಕನೇದ್ರಲ್ಲಿ ಹನ್ನೊಂದು ವರ್ಷಕ್ಕೆ ಎರಡು ಸಲ ಬಿದ್ದಿದ್ದೆ. ಈ ಏಳನೇದ್ರಲ್ಲಿ ಒಂದು ವಾರದಲ್ಲೇ ಮೂರು ಸಲ ಬಿದ್ದೆ. ಮುಖ ಕೆಳಗಾಗಿ, ಕೆಸರಲ್ಲಿ."

ಏಳನೆಯದರಲ್ಲಿ ಬೀಳುವುದು ಸಾಧ್ಯವೇ ಇಲ್ಲ ಎನ್ನುವಷ್ಟು ನಂಬಿಕೆ ಇದ್ದ ಸಿಂಚನಾ ಅವಳನ್ನು ಕೆಳಗಿನ ನಡಿಗೆ ಶಾಲೆಗೆ ಕರೆದುಕೊಂಡು ಹೋದಳು. ಅಲ್ಲಿ ಮರಳಿನ ಹಾಸು, ಜಲ್ಲಿಯ ಹಾಸು, ಮೆಟ್ಟಿಲುಗಳು, ಇಳಿಜಾರು ಎಲ್ಲ ಇದ್ದವು. ಕೆಸರು ಇರಲಿಲ್ಲ. ಕೆಲಸಗಾರರು ಮರಳಿನ ಮೇಲೆ ನೀರು ಹೊಯ್ದು ಹದ ಮಾಡಿ ಕೊಟ್ಟರು. ನಿಖಿತಾ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಆಗರ ತುಳಿಯುವುದು ಹೇಗೆಂದು ತೋರಿಸಿದಳು. ಉಪ್ಪುನೀರು ಬಿಡುವ ಮೊದಲು ಪಾತಿಯ ಜೇಡಿನೆಲವನ್ನು ಸಾಲಾಗಿ ನಿಂತು ತುಳಿದು ತುಳಿದು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ನೀರು ಇಂಗುತ್ತದೆ, ಉಪ್ಪಿಗೆ ಮಣ್ಣು ಸೇರುತ್ತದೆ. ಯಂತ್ರ ಉರುಳಿಸಿದರೆ ನೆಲ ಬಿರಿಯುತ್ತದೆ. ಮನುಷ್ಯರ ಹಿಮ್ಮಡಿಯೇ ಆಗಬೇಕು. ಚಿಕ್ಕ ಚಿಕ್ಕ ಹೆಜ್ಜೆ, ಬೇಗ ಬೇಗ, ಪ್ರತಿ ಹೆಜ್ಜೆಗೂ ಇಡೀ ಮೈ ಅದುರುವಂತೆ.

ನಾಲ್ಕನೆಯ ಹೆಜ್ಜೆಗೆ ಮಂಡಿ ಬಿಗಿದು ಕಂಬದಂತಾಯಿತು. ಮೈ ಮುಂದಕ್ಕೆ ವಾಲಿತು. ಕೆಲಸಗಾರ್ತಿ ಒಬ್ಬಳು ಹಿಡಿಯದಿದ್ದರೆ ನಿಖಿತಾ ಮರಳಿನ ಮೇಲೆ ಬೀಳುತ್ತಿದ್ದಳು.

ಪರದೆಯ ಮೇಲಿನ ಗೆರೆಗಳನ್ನು ನೋಡಿದಾಗ ಸಿಂಚನಾಳಿಗೆ ಅರ್ಥವಾಯಿತು. ಸ್ನಾಯುಗಳ ವೇಗದ ಮಿಡಿತ, ಮಣ್ಣಿಗೆ ಅಂಟಿಕೊಳ್ಳುವ ಹಿಮ್ಮಡಿ, ತೂಗಾಡುವ ಮೈ. ಎಡವಿ ಬೀಳುತ್ತಿರುವ ಮನುಷ್ಯನಲ್ಲಿ ಕಾಣುವುದೂ ಇವೇ. ನಿಖಿತಾ ದುಡಿಯುತ್ತಿದ್ದಾಳೆಂದು ಕಾಲಿಗೆ ತಿಳಿಯಲಿಲ್ಲ. ಬೀಳುತ್ತಿದ್ದಾಳೆಂದುಕೊಂಡು ಕಾಪಾಡಲು ಹೋಗಿ ಅದೇ ಬೀಳಿಸಿತು.

ಈ ತುಳಿತವನ್ನು ಎಂಟನೆಯ ಆವೃತ್ತಿಗೆ ಕಲಿಸುತ್ತೇವೆ, ಎಂಟು ತಿಂಗಳು ಬೇಕು ಎಂದು ಸಿಂಚನಾ ಹೇಳಿದಳು.

"ಎಂಟು ತಿಂಗಳಿಗೆ ಆಗರದ ಮೇಲೆ ಮಳೆನೀರು ನಿತ್ಕಂಡಿರ್ತದೆ ಅಕ್ಕೋರೆ," ಎಂದಳು ನಿಖಿತಾ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹನ್ನೆರಡು ಜನರ ಸಾಲಿಗೆ ತಾನು ಮುಂದಿನವಳು, ನೆಲದಲ್ಲಿ ಎಲ್ಲಿ ಪೊಳ್ಳಿದೆ ಎಂದು ಹುಡುಕುವವಳು ತಾನೇ, ಈ ವರ್ಷ ತನ್ನನ್ನು ತೂಕದ ಮನೆಯಲ್ಲಿ ಕೂರಿಸುತ್ತೇವೆ ಅನ್ನುತ್ತಿದ್ದಾರೆ ಎಂದು ತಿಳಿಸಿದಳು. ಕೂತು ಮಾಡುವ ಕೆಲಸ ಕೀಳೆಂದಲ್ಲ, ಆದರೆ ತನಗೆ ಬರುವುದು ಅದಲ್ಲ ಎಂದಳು. ವಿಳಾಸ ಬರೆದುಕೊಟ್ಟು, ಬಿಗಿದ ಕಾಲನ್ನು ಎಳೆಯುತ್ತ ಮಧ್ಯಾಹ್ನದ ಬಸ್ಸಿಗೆ ಹೋದಳು.

ಆ ಸಂಜೆ ಊಟಕ್ಕೆ ಕೂತಾಗ ಸಿಂಚನಾ ಇದನ್ನೆಲ್ಲ ಅಕ್ಕನಿಗೆ ಹೇಳಿದಳು. ಹೇಳುತ್ತ, ಪಾಪ, ಅವಳಿಗೆ ಅಪಾಯದ ಅರಿವಿಲ್ಲ, ರೂಢಿ ಬಿಡಲಾಗುತ್ತಿಲ್ಲ ಎಂದೂ ಸೇರಿಸಿದಳು. ಪ್ರೇರಣಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸಿಂಚು, ಒಂದು ಮಾತು. ಹೇಳಬೇಕು ಹೇಳಬೇಕು ಅಂತ ಐದು ವರ್ಷ ಆತು. ನಾನು ಏನೋ ಒತ್ತಲಿಕ್ಕೆ ಹೋಗಿ ಏನೋ ಒತ್ತಿದ್ದಲ್ಲ. ಆ ನಾಲ್ಕನೇದು ಬೇಕಂತಲೇ ಹಾಕ್ಕೊಂಡಿದ್ದೆ. ಎಚ್ಚರಿಕೆ ಅಂತ ಬರದದ್ದನ್ನ ಮೂರು ಸಲ ಓದಿದ್ದೆ."

ಸಿಂಚನಾ ತುತ್ತನ್ನು ತಟ್ಟೆಗೆ ಇಳಿಸಿದಳು. ಯಾಕೆ ಎಂದು ಕೇಳಿದಳು.

"ಸೈಕಲ್ಲಿಗೆ."

ಪ್ರೇರಣಾ ನಿಧಾನವಾಗಿ ಹೇಳುತ್ತ ಹೋದಳು. ಪೆಡಲ್ ತುಳಿಯುವಾಗ ಸುತ್ತಿನ ತುದಿಯಲ್ಲಿ ಮಂಡಿ ಪೂರ್ತಿ ಸಡಿಲವಾಗಬೇಕು. ಐದನೆಯದರಿಂದ ಮುಂದೆ ಯಾವುದೂ ಹಾಗೆ ಸಡಿಲವಾಗುತ್ತಿರಲಿಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರ ಹಳೆಯ ಸೈಕಲ್ಲು ಅವರ ಮನೆಯಲ್ಲೇ ಇರುತ್ತಿತ್ತು. ಎರಡು ವರ್ಷ, ಯೋಗದ ತರಗತಿ ಎಂದು ತಂಗಿಗೆ ಹೇಳಿ, ಬೆಳಿಗ್ಗೆ ಬೆಳಿಗ್ಗೆ ಉಣಕಲ್ ಕೆರೆಯ ತನಕ ಹೋಗಿ ಬರುತ್ತಿದ್ದಳು. ಬಂದ ಮೇಲೆ ಮತ್ತೆ ಐದನೆಯದನ್ನು ಹಾಕಿಕೊಳ್ಳುತ್ತಿದ್ದಳು. ಅವತ್ತು ಶಾಲೆಯಲ್ಲಿ ಇನ್ಸ್‌ಪೆಕ್ಷನ್ನು, ಬದಲಾಯಿಸಲು ಪುರುಸೊತ್ತಾಗಲಿಲ್ಲ. ಮೆಟ್ಟಿಲ ನಡುವೆ ಇದ್ದಾಗ ಪಕ್ಕದ ಮನೆಯವರು ಕರೆದರು, ತಿರುಗಿದಳು.

"ನನ್ನ ಅವಸರದಿಂದ ಬಿದ್ದೆ. ಪುಟದಿಂದ ಅಲ್ಲ. ನೀ ಪುಟದ ಮ್ಯಾಲೆ ಸಿಟ್ಟಾದಿ. ಅಷ್ಟೂ ಸಿಟ್ಟು ಅದರ ಮ್ಯಾಲೇ ಹೋದ್ರ ನನಗೇನೂ ಅನ್ನಂಗಿಲ್ಲ ಅಂತ ಸುಮ್ಮನಾದೆ. ಅದು ನನ್ನ ತಪ್ಪು."

ಸಿಂಚನಾ ಎದ್ದು ಕೈ ತೊಳೆದುಕೊಂಡಳು. ಎರಡು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬಂದ ಸಿಟ್ಟು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಇನ್ನೊಂದು. ಅಕ್ಕ ಹದಿನೆಂಟು ವರ್ಷ ತೊಟ್ಟ ಕಾಲನ್ನು ತಯಾರಿಸಿದವರಲ್ಲಿ ತಾನೂ ಒಬ್ಬಳು. ಆ ಕಾಲಿನಲ್ಲಿ ನಿನಗೆ ಏನು ಮಾಡಲು ಆಸೆ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಬಿದ್ದೆಯಾ, ನೋವಿದೆಯಾ, ಇವಷ್ಟನ್ನೇ ಕೇಳಿದ್ದಳು.

ಮೂರನೆಯ ದಿನ ಅವಳು ಮುಲ್ಲಾ ಅವರ ಬಳಿ ಹೋಗಿ, ನಾಲ್ಕನೆಯ ಆವೃತ್ತಿಯನ್ನು ಪರೀಕ್ಷೆಗೆಂದು ಹೊರಗೆ ಒಯ್ಯಲು ಅನುಮತಿ ಕೇಳಿದಳು. ಪುಟ ಮುಚ್ಚಿಸಿದವರು ನೀವೇ ಅಲ್ಲವೇ ಎಂದು ಅವರು ನಕ್ಕರು. ನಕ್ಕರೂ ಸಹಿ ಹಾಕಿದರು.

ಹೊಸಗಜನಿ ತಲುಪಿದಾಗ ಬೆಳಗಿನ ಎಂಟೂವರೆ. ನದಿಯ ಕಡೆ ಉದ್ದಕ್ಕೆ ಮಣ್ಣಿನ ಕಟ್ಟೆ, ಕಟ್ಟೆಯ ಈಚೆ ಚೌಕ ಚೌಕ ಪಾತಿಗಳು. ಹಲವಕ್ಕೆ ಆಗಲೇ ನೀರು ಬಿಟ್ಟಿದ್ದರು. ಅವುಗಳಲ್ಲಿ ಆಕಾಶ ಬಿದ್ದಿತ್ತು. ನಿಖಿತಾ ತೂಕದ ಮನೆಯ ಜಗುಲಿಯಲ್ಲಿ ಕೂತಿದ್ದಳು. ಸಿಂಚನಾಳನ್ನು ಕಂಡು ಅವಳು ಮೊದಲು ಕೇಳಿದ್ದು ತಿಂಡಿ ಆಯಿತೇ ಎಂದು. ಆಗಿಲ್ಲ ಎಂದು ತಿಳಿದು, ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆರೊಟ್ಟಿ ತಿನ್ನಿಸಿದ ಮೇಲೆಯೇ ಕಾಲು ಬಿಚ್ಚಿ ಕೊಟ್ಟಳು. ಸಿಂಚನಾ ನಾಲ್ಕನೆಯದನ್ನು ಹಾಕಿ ಕೊಟ್ಟಳು. ನಿಖಿತಾ ಮಂಡಿಗೆ ಪ್ಲಾಸ್ಟಿಕ್ ಕವರು ಸುತ್ತಿ, ರಬ್ಬರು ಪಟ್ಟಿ ಬಿಗಿದು, ಪಾತಿಗೆ ಇಳಿದಳು.

ಅವಳು ತುಳಿಯುವುದನ್ನು ಸಿಂಚನಾ ಕಟ್ಟೆಯ ಮೇಲೆ ನಿಂತು ನೋಡಿದಳು. ಎರಡು ಕಾಲಿನ ಸದ್ದೂ ಒಂದೇ. ಸಾಲು ಮುಂದೆ ಸರಿಯುತ್ತ ಹೋಯಿತು. ಅಲ್ಲಲ್ಲಿ ನಿಖಿತಾ ನಿಂತು ಹಿಮ್ಮಡಿಯಿಂದ ಒಂದು ಜಾಗ ತೋರಿಸುತ್ತಿದ್ದಳು, ಹಿಂದಿನವರು ಅಲ್ಲಿಗೆ ಜೇಡಿಮಣ್ಣು ತಂದು ಹಾಕಿ ತುಳಿಯುತ್ತಿದ್ದರು. ಸಿಂಚನಾ ಚಪ್ಪಲಿ ಬಿಟ್ಟು ತಾನೂ ಇಳಿದಳು. ನಿಖಿತಾ ತೋರಿಸಿದ ಜಾಗದಲ್ಲಿ ಕಾಲಿಟ್ಟರೆ ಅವಳಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

"ಕೆಳಗೆ ಪೊಳ್ಳಿದ್ರೆ ತೊಡೆಗೆ ಗೊತ್ತಾತದೆ. ಹೊಸದ್ರಲ್ಲಿ ಏನೂ ಗೊತ್ತಾಗೂದಿಲ್ಲ, ಹಾಸಿಗೆ ಮೇಲೆ ನಡದಂಗೆ," ಎಂದಳು ನಿಖಿತಾ.

ಆರಾಮಕ್ಕೆಂದು ಆರನೆಯ ಆವೃತ್ತಿಯಿಂದ ನೆಲದ ಅದುರುವಿಕೆಯನ್ನೆಲ್ಲ ಮೋಟಾರೇ ನುಂಗುವಂತೆ ಮಾಡಿದ್ದರು. ಆ ಕೆಲಸಕ್ಕಾಗಿ ಸಿಂಚನಾಳ ತಂಡಕ್ಕೆ ಬಹುಮಾನವೂ ಬಂದಿತ್ತು.

ಹತ್ತು ಗಂಟೆಗೆ ಬಿಸಿಲು ಏರಿತು. ಎಲ್ಲರೂ ನೀರು ಕುಡಿಯಲು ಹೊರಟರು. ತೂಬಿನ ಹತ್ತಿರ ಕೆಂಪುಕಲ್ಲಿನ ಆರು ಮೆಟ್ಟಿಲು. ಪಕ್ಕದಲ್ಲಿ ನಿಖಿತಾ ತಾನೇ ಕಟ್ಟಿಕೊಂಡಿದ್ದ ಹಗ್ಗ. ಇಳಿಯುತ್ತ ನಡುವೆ ನಿಂತು ಹಿಂದಿನವರ ಕಡೆ ತಿರುಗಿದವಳು ಗಕ್ಕನೆ ಹಗ್ಗ ಹಿಡಿದು, ಭಾರವನ್ನೆಲ್ಲ ಒಳ್ಳೆಯ ಕಾಲಿಗೆ ಹಾಕಿದಳು. ಮರುಕ್ಷಣ ಎಡಮಂಡಿ ಕುಸಿಯಿತು. ಅವಳು ಅಲುಗಲಿಲ್ಲ. ಕಾಲನ್ನು ಒದರಿ ನೇರ ಮಾಡಿಕೊಂಡು ಮತ್ತೆ ಇಳಿದಳು.

ಕುಸಿಯುತ್ತದೆಂದು ಮೊದಲೇ ಹೇಗೆ ಗೊತ್ತಾಯಿತೆಂದು ಸಿಂಚನಾ ಕೇಳಿದಳು.

"ಟಿಕ್ ಟಿಕ್ ಅಂತದಲ್ರಾ. ಎರಡು ಸಲ. ಅದಾದ್ಮೇಲೆ ಬಿಡೂದು. ನಡುವೆ ಒಂದು ಉಸಿರಿನಷ್ಟು ಹೊತ್ತು ಇರ್ತದೆ. ನಿಮಗೆ ಗೊತ್ತಿಲ್ವಾ?"

ಸಿಂಚನಾಳಿಗೆ ಗೊತ್ತಿರಲಿಲ್ಲ. ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಆ ಮಂಡಿಗೆ ಕಿವಿ ಹಚ್ಚಿದಳು. ನಿಖಿತಾ ಹಗ್ಗ ಹಿಡಿದು ಮತ್ತೆ ಮತ್ತೆ ನಿಂತು ತಿರುಗಿದಳು. ತಾಸು ಕಳೆದರೂ ಏನೂ ಆಗಲಿಲ್ಲ. ನೀರು ಕುಡಿದು ಬಂದವರು ಸುತ್ತ ನಿಂತು ನಗತೊಡಗಿದರು. ಕೊನೆಗೆ ಒಮ್ಮೆ, ಪ್ಲಾಸ್ಟಿಕ್ಕಿನ ಒಳಗಿಂದ, ಉಗುರಿನಿಂದ ಡಬ್ಬಿ ತಟ್ಟಿದಂತೆ ಎರಡು ಸಲ ಸಣ್ಣ ಸದ್ದು ಬಂತು. ಆಮೇಲೆ ಮಂಡಿ ಮಡಚಿತು.

ಹುಬ್ಬಳ್ಳಿಗೆ ಬಂದ ಮೇಲೆ ಅವಳು ನಾಲ್ಕನೆಯ ಆವೃತ್ತಿಯ ಹಳೆಯ ದಾಖಲೆಗಳನ್ನೆಲ್ಲ ತೆಗೆಸಿದಳು. ಮೋಟಾರು ಏನು ಮಾಡಿತೆಂದು ಮಾತ್ರ ಆ ಕಾಲದಲ್ಲಿ ಬರೆದಿಟ್ಟಿದ್ದರು. ಬ್ರೇಕಿನ ಸುದ್ದಿ ಯಾರೂ ಬರೆದಿರಲಿಲ್ಲ. ಬ್ರೇಕಿಗೊಂದು ಅಳತೆಯ ತಂತಿ ಸೇರಿಸಿ, ನಡಿಗೆ ಶಾಲೆಯ ಮೆಟ್ಟಿಲ ಮೇಲೆ ಯಂತ್ರಕ್ಕೆ ಕಾಲು ಕಟ್ಟಿ ನಾಲ್ಕು ದಿನ ಇಳಿಸಿದರು. ನಿಖಿತಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮಂಡಿ ಕೈಬಿಡುವ ಮೊದಲು ಬ್ರೇಕು ಎರಡು ಸಲ ಹಿಡಿಯಲು ನೋಡಿ ಜಾರುತ್ತಿತ್ತು. ಮೊದಲ ಜಾರಿಕೆಯಿಂದ ಕುಸಿತದವರೆಗೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಸಮಯ. ಗೊತ್ತಿದ್ದವರಿಗೆ ಅದು ಸಾಕಷ್ಟು ಸಮಯ.

ಸಿಂಚನಾ ನಾಲ್ಕನೆಯದರ ಒಂದು ಸಾಲನ್ನೂ ಬದಲಿಸಲಿಲ್ಲ. ಅದರ ಪಕ್ಕದಲ್ಲಿ ಇರಲು ಒಂದು ಪುಟ್ಟ ತುಣುಕು ಬರೆದಳು. ಬ್ರೇಕು ಮೊದಲ ಸಲ ಜಾರಿದ ಕೂಡಲೇ ತೊಡೆಯ ಬಳಿ ಕಾಲು ಫೋನಿನಂತೆ ಗುರ್ ಎಂದು ಅದುರುತ್ತಿತ್ತು. ಕಿವಿ ಮಂದ ಇರುವವರಿಗೂ, ಸಂತೆಯ ಗದ್ದಲದಲ್ಲಿ ಇರುವವರಿಗೂ ತಿಳಿಯುತ್ತಿತ್ತು. ಬರೆಯಲು ಹಿಡಿದದ್ದು ಒಂದು ವಾರ.

ಆಮೇಲೆ ಅವಳೂ ಇಬ್ಬರು ಸಹೋದ್ಯೋಗಿಗಳೂ ಇನ್ನೂರ ಹನ್ನೆರಡು ಮಂದಿಗೂ ಫೋನು ಮಾಡಲು ಕೂತರು. ಇದನ್ನು ಐದು ವರ್ಷದ ಹಿಂದೆಯೇ ಮಾಡಬಹುದಿತ್ತು ಎಂದು ಅವಳಿಗೆ ಪ್ರತಿ ಕರೆಗೂ ಅನ್ನಿಸುತ್ತಿತ್ತು. ಬೀದರಿನ ಒಬ್ಬ ನಿವೃತ್ತ ಗುಮಾಸ್ತರು ನಮಾಜಿನಲ್ಲಿ ಕೂರಲು ಮೂರನೆಯದೇ ಬೇಕೆಂದರು. ಮೊಳಕಾಲ್ಮೂರಿನ ಕುರಿಗಾಹಿ ಹೆಂಗಸೊಬ್ಬಳು ಹೊಸ ಕಾಲಿನ ಮೋಟಾರಿನ ಗುಂಯ್ ಸದ್ದಿಗೆ ಕುರಿ ಬೆದರುತ್ತವೆ ಎಂದಳು. ಕೆಲವರಿಗೆ ಕಾರಣವೇ ಇರಲಿಲ್ಲ. ಈ ನಡಿಗೆ ತಮ್ಮದೆನಿಸಿದೆ, ಅಷ್ಟೇ ಎಂದರು. ಆದರೆ ಮೂವತ್ತೊಂದು ಮಂದಿಗೆ ತಮ್ಮ ಆವೃತ್ತಿಯಲ್ಲಿ ದೋಷವಿದೆ ಎನ್ನುವುದೇ ತಿಳಿದಿರಲಿಲ್ಲ. ಯಾರೋ ಹಾಕಿಕೊಟ್ಟಿದ್ದರು, ಹಾಗೇ ಇತ್ತು. ತಿಳಿದ ಕೂಡಲೇ ಅವರು ಹೊಸದನ್ನು ಕೇಳಿದರು. ಅವರಲ್ಲಿ ಏಳು ಮಂದಿ ಅದಾಗಲೇ ಒಮ್ಮೆ ಬಿದ್ದಿದ್ದರು.

ಸಮಿತಿಯ ಸಭೆ ಫೆಬ್ರುವರಿಯಲ್ಲಿ ನಡೆಯಿತು. ಮೂಳೆ ತಜ್ಞೆ ಡಾಕ್ಟರ್ ಸುಹಾಸಿನಿ ಕಾಮತ್ ಪುಟವನ್ನು ಮತ್ತೆ ತೆರೆಯುವುದಕ್ಕೆ ಖಡಾಖಂಡಿತ ವಿರೋಧಿ. ಬಿದ್ದವರ ಮೂಳೆ ಕೂಡಿಸುವವಳು ತಾನು, ಸೊಂಟ ಮುರಿದ ಮುದುಕರ ಮುಖ ನೋಡುವವಳು ತಾನು, ಕೇಂದ್ರವೇ ದೋಷವಿರುವುದನ್ನು ಕೈಗೆ ಕೊಡುವುದು ಯಾವ ನ್ಯಾಯ ಎಂದು ಅವರು ಕೇಳಿದರು. ಸಿಂಚನಾ ಅವರ ಮಾತನ್ನು ತಳ್ಳಿಹಾಕಲಿಲ್ಲ. ಮುಚ್ಚಬೇಕೆಂದು ಬರೆದವಳು ತಾನೇ, ಆ ಮೂವತ್ತೊಂದು ಮಂದಿಯ ಮಟ್ಟಿಗೆ ತಾನು ಸರಿಯಾಗಿಯೇ ಇದ್ದೆ ಎಂದಳು. ಉಳಿದ ನೂರ ಎಂಬತ್ತೊಂದು ಮಂದಿಯ ಮಟ್ಟಿಗೆ ತಪ್ಪಿದ್ದೆ ಎಂದಳು. ನಿಖಿತಾಳ ಎರಡು ಸದ್ದಿನ ಕಥೆ ಹೇಳಿದಳು. ಅಕ್ಕನ ವಿಷಯವನ್ನೂ, ಪ್ರೇರಣಾಳ ಒಪ್ಪಿಗೆ ಪಡೆದು, ಮುಚ್ಚಿಡದೆ ಹೇಳಿದಳು.

"ಹಳೇದನ್ನ ಅಳಿಸಿದ್ರ ದೋಷ ಹೋಗತದ, ಖರೆ. ಅದರ ಜೋಡಿ ಬದುಕೋದು ಹೆಂಗ ಅಂತ ಕಲ್ತವರ ತಿಳುವಳಿಕೀನೂ ಹೋಗತದ. ಅದು ನಮ್ಮ ಕಡೆ ಎಲ್ಲೂ ಬರದಿಟ್ಟಿಲ್ಲ."

ಮಾತು ಮೂರು ತಾಸು ನಡೆಯಿತು. ಕೊನೆಗೆ ದಾರಿ ತೋರಿದ್ದು ಕಾಮತರೇ. ಕಾಗದದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ, ಮನುಷ್ಯರು ಎಚ್ಚರಿಸಲಿ ಎಂದರು ಅವರು. ಹಳೆಯ ಆವೃತ್ತಿ ಬೇಕೆನ್ನುವವರು ಅದೇ ಆವೃತ್ತಿಯನ್ನು ವರ್ಷಗಟ್ಟಲೆ ತೊಟ್ಟವರೊಬ್ಬರ ಜೊತೆ ಕಾಲು ಗಂಟೆಯಾದರೂ ಮಾತಾಡಬೇಕು. ಆ ಹಳಬರು ಒಪ್ಪಿದರೆ ಮಾತ್ರ ಡೌನ್‌ಲೋಡ್ ತೆರೆಯಬೇಕು. ಹಾಗೆ ಮಾತಾಡಲು ಒಂಬತ್ತು ಮಂದಿ ಮುಂದೆ ಬಂದರು. ನಾಲ್ಕನೆಯದಕ್ಕೆ ನಿಖಿತಾ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ, ಆಗ ಆಗರದಲ್ಲಿ ಬಿಡುವು ಎಂದು ಅವಳು ಷರತ್ತು ಹಾಕಿದಳು. ಪುಟ ತೆರೆಯಿತು. ಪ್ರತಿ ಆವೃತ್ತಿಯ ಕೆಳಗೆ, ಅದನ್ನು ತೊಟ್ಟವರು ಕಂಡುಕೊಂಡದ್ದನ್ನು ಅವರವರ ಮಾತಿನಲ್ಲೇ ಬರೆದರು.

ಎಲ್ಲವೂ ಸುಸೂತ್ರವಾಗಿಯೇನೂ ನಡೆಯಲಿಲ್ಲ. ಮಳೆಗಾಲದಲ್ಲಿ ಶಿರಸಿಯ ಒಬ್ಬರು ಎರಡನೆಯ ಆವೃತ್ತಿಯಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಸಿಂಚನಾ ಹೋಗಿ ನೋಡಿ ಬಂದಳು. ಅವರು ಅರ್ಧ ಗಂಟೆ ಕೇಂದ್ರವನ್ನು ಬೈದು, ಏಳನೆಯದನ್ನು ಹಾಕಿಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಹಳೆಯ ಭಾರ ಮತ್ತೆ ಹೆಗಲೇರಿದಂತಾಯಿತು. ಆದರೂ ಪುಟ ಮುಚ್ಚುವ ಟಿಪ್ಪಣಿ ಬರೆಯಬೇಕೆಂದು ಈ ಸಲ ಅನ್ನಿಸಲಿಲ್ಲ. ಶಿರಸಿಯವರು ಬಿದ್ದ ಬಗೆಯನ್ನು ಎರಡನೆಯ ಆವೃತ್ತಿಯ ಕೆಳಗೆ ಸೇರಿಸಿದಳು.

ಆ ವರ್ಷವೆಲ್ಲ ಪ್ರೇರಣಾ ಫಿಸಿಯೋಥೆರಪಿಯವಳೊಬ್ಬಳ ಬಳಿ ಹೋಗುತ್ತಿದ್ದಳು. ಸೊಂಟ ಗಟ್ಟಿಯಾಗುತ್ತ ಬಂತು. ದೀಪಾವಳಿಯ ಹೊತ್ತಿಗೆ ಕಪಾಟಿನಲ್ಲಿದ್ದ ಕಾಲು ಹೊರಗೆ ಬಂತು. ಏಳನೆಯ ಆವೃತ್ತಿಯಲ್ಲಿ ಮನೆಯೊಳಗೆ, ಆಮೇಲೆ ಓಣಿಯಲ್ಲಿ ನಡೆದಳು. ಹೊಸದು ಚೆನ್ನಾಗಿದೆ, ಮೆಟ್ಟಿಲಿಗೆ ಇದೇ ಸರಿ ಎಂದು ತಾನಾಗಿಯೇ ಹೇಳಿದಳು. ಎರಡು ತಿಂಗಳು ಹಾಗೆ ನಡೆದ ಮೇಲೆ ಒಂದು ಭಾನುವಾರ, ನಾಲ್ಕನೆಯದಕ್ಕೆ ಅರ್ಜಿ ಹಾಕುತ್ತೇನೆ, ಬೆಳಗಿನ ಹೊತ್ತಿಗೆ ಮಾತ್ರ ಎಂದಳು. ಸಿಂಚನಾ ಮನಸ್ಸು ಮಾಡಿದ್ದರೆ ಕಚೇರಿಯಿಂದಲೇ ತಂದು 'ಇಗೋ' ಎಂದು ಹಾಕಿಕೊಡಬಹುದಿತ್ತು. ಅವಳು ತರಲಿಲ್ಲ. ಬೇಡವೆನ್ನಲೂ ಇಲ್ಲ. ಫೋನು ಎರಡು ಗಂಟೆಯ ಮೇಲೆ ಎತ್ತುತ್ತಾರೆ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಎರಡೂ ಹತ್ತಕ್ಕೆ ಪ್ರೇರಣಾ ಹಜಾರದಲ್ಲಿ ಕೂತು ಫೋನು ಹಚ್ಚಿದಳು. ತನ್ನ ಹೆಸರನ್ನಷ್ಟೇ ಹೇಳಿದಳು, ಯಾರ ಅಕ್ಕ ಎಂದು ಹೇಳಲಿಲ್ಲ. ನಿಖಿತಾಳ ದನಿ ದೊಡ್ಡದಾಗಿ, ಸಾಲಿನ ಮುಂದೆ ನಿಂತು ಕೂಗಿ ಹೇಳಿ ರೂಢಿಯಾದ ದನಿಯಾಗಿ, ಅಡುಗೆಮನೆಯ ತನಕ ಕೇಳಿಸುತ್ತಿತ್ತು. ಹಿಂದೆ ಗಾಳಿಯ ಸದ್ದು. ಮನೆಯಲ್ಲಿ ಎಷ್ಟು ಮೆಟ್ಟಿಲಿವೆ, ಹಿಡಿಯಲು ಕಂಬಿ ಇದೆಯೇ, ಕರೆದರೆ ತಿರುಗುವ ಅಭ್ಯಾಸ ಇದೆಯೇ, ಮೊದಲು ಎಂದಾದರೂ ಬಿದ್ದದ್ದುಂಟೇ ಎಂದು ಒಂದೊಂದಾಗಿ ಕೇಳುತ್ತಿದ್ದಳು. ಪ್ರೇರಣಾ ಎಲ್ಲಕ್ಕೂ ನಿಜವನ್ನೇ ಹೇಳಿದಳು. ಬಿದ್ದದ್ದನ್ನು, ಅವಸರವನ್ನು, ಐದು ವರ್ಷ ಕಾಲು ತೊಡದೆ ಕೂತದ್ದನ್ನು. ಕಾಲು ಗಂಟೆಯ ಮಾತು ಮುಕ್ಕಾಲು ಗಂಟೆಯಾಯಿತು.

"ಕಡೆಗೆ ಒಂದು ಕೇಳ್ತೆ. ಬೀಳೂಕೆ ಹೆದರ್ಕೆ ಉಂಟಾ?"

ಸಿಂಚನಾ ಸೌಟು ಹಿಡಿದು ನಿಂತಳು.

"ಅದ," ಎಂದಳು ಪ್ರೇರಣಾ. "ಭಾಳ ಅದ."

"ಹಂಗಾದ್ರೆ ಅಡ್ಡಿಲ್ಲ. ಹೆದರ್ಕೆ ಇಲ್ಲ ಅಂದೋರಿಗೆ ನಾ ಕೊಡೂದಿಲ್ಲ," ಎಂದಳು ನಿಖಿತಾ. "ಮೊದಲ ಸಲ ಹಾಕ್ಕಂಡಾಗ ಯಾರಾದ್ರೂ ಹತ್ತಿರ ಇರ್ಲಿ. ಹಿಡ್ಕಳೂದು ಬೇಡ, ಹತ್ತಿರ ಇದ್ರೆ ಸಾಕು."

ಫೋನು ಇಟ್ಟ ಸದ್ದಾಯಿತು. ಸಿಂಚನಾ ಗ್ಯಾಸು ಆರಿಸಿ, ಕೈ ಒರೆಸಿಕೊಂಡು ಹಜಾರಕ್ಕೆ ಬಂದಳು. ಪ್ರೇರಣಾಳ ತೊಡೆಯ ಮೇಲಿದ್ದ ಫೋನಿನಲ್ಲಿ ಪುಟ ತೆರೆದಿತ್ತು. ಅವಳು ತಂಗಿಯ ಮುಖ ನೋಡಿದಳು. ಸಿಂಚನಾ ಕುರ್ಚಿಯೊಂದನ್ನು ಅಕ್ಕನ ಪಕ್ಕಕ್ಕೆ, ತೋಳಳತೆಯ ದೂರದಲ್ಲಿ, ಎಳೆದುಕೊಂಡು ಕೂತಳು. ಪ್ರೇರಣಾ ಗುಂಡಿ ಒತ್ತಿದಳು.